ಆಕರ ಸಂಖ್ಯೆ ನಾನೂರ ಹದಿಮೂರು

ಜಯನಗರದ ಆ ಕಾಲೇಜಿನ ಗ್ರಂಥಾಲಯದಲ್ಲಿ ಅರ್ಥಶಾಸ್ತ್ರದ ಪುಸ್ತಕಗಳು ನಾನೂರ ಹನ್ನೆರಡು ಇದ್ದವು. ೧೯೫೨ರಲ್ಲಿ ಕಾಲೇಜು ಶುರುವಾದಾಗ ನಾನೂರ ಹನ್ನೆರಡು, ೧೯೬೩ರಲ್ಲೂ ನಾನೂರ ಹನ್ನೆರಡೇ. ನಡುವಿನ ಹನ್ನೊಂದು ವರ್ಷಗಳಲ್ಲಿ ಒಂದೂ ಕಳೆದಿರಲಿಲ್ಲ, ಒಂದರ ಹಾಳೆಯೂ ಹರಿದಿರಲಿಲ್ಲ, ಒಂದನ್ನೂ ಯಾರೂ ಓದಿರಲಿಲ್ಲ. ತನಿಖಾ ಸಮಿತಿ ಎರಡು ಸಲ ಬಂದು, ಇಷ್ಟು ಅಚ್ಚುಕಟ್ಟಾದ ಗ್ರಂಥಾಲಯವನ್ನು ತಾನು ಬೇರೆಲ್ಲೂ ಕಂಡಿಲ್ಲವೆಂದು ಬರೆದುಕೊಟ್ಟು ಹೋಗಿತ್ತು.

ಇದರ ಕೀರ್ತಿಯೆಲ್ಲ ಗ್ರಂಥಪಾಲಕ ಕರಿಬಸವಯ್ಯನವರದು. ಪುಸ್ತಕ ಕಳೆದರೆ ಗ್ರಂಥಪಾಲಕರೇ ಹೊಣೆ ಎಂಬ ನಿಯಮವಿತ್ತು. ಬೇರೊಂದು ಕಾಲೇಜಿನಲ್ಲಿ ಇದೇ ಕೆಲಸ ಮಾಡುತ್ತಿದ್ದ ಅವರ ಷಡ್ಡಕನ ಪಿಂಚಣಿ ಒಂದೇ ಒಂದು ಪುಸ್ತಕದ ದೆಸೆಯಿಂದ ನಾಲ್ಕು ವರ್ಷ ನಿಂತುಹೋಗಿತ್ತು. ಅಂದಿನಿಂದ ಕರಿಬಸವಯ್ಯನವರು ಗಾಜಿನ ಬೀರುಗಳಿಗೆಲ್ಲ ಬೀಗ ಜಡಿದು, ಬೀಗದ ಕೈಗಳನ್ನು ಉಡಿದಾರಕ್ಕೆ ಕಟ್ಟಿಕೊಂಡು ಸ್ನಾನಕ್ಕೂ ಹಾಗೇ ಹೋಗುತ್ತಿದ್ದರು.

ಆ ವರ್ಷ ವಿಶ್ವವಿದ್ಯಾಲಯದಿಂದ ಒಂದು ಸುತ್ತೋಲೆ ಬಂತು. ಆನರ್ಸ್ ವಿದ್ಯಾರ್ಥಿಗಳಲ್ಲಿ ಸಂಶೋಧನಾ ಕೌಶಲವನ್ನು ಬೆಳೆಸತಕ್ಕದ್ದು. ಪ್ರತಿಯೊಬ್ಬರೂ ಗ್ರಂಥಾಲಯದ ಆಕರಗಳನ್ನು ಬಳಸಿ ಒಂದು ಪ್ರಬಂಧ ಬರೆಯತಕ್ಕದ್ದು. ಬರೆಯದವರಿಗೆ ಹಾಲ್ ಟಿಕೆಟ್ ಕೊಡತಕ್ಕದ್ದಲ್ಲ. ಅರ್ಥಶಾಸ್ತ್ರದ ಪ್ರೊಫೆಸರ್ ಸೋಮಲಿಂಗಪ್ಪನವರು ಸುತ್ತೋಲೆಯನ್ನು ಎರಡು ಸಲ ಓದಿ, ಬೀರುಗಳ ಕಡೆ ಒಂದು ಸಲ ನೋಡಿ, ಬುಧವಾರದ ತರಗತಿಯಲ್ಲಿ ಕಾರ್ಡ್ ಓದುವ ವಿದ್ಯೆಯನ್ನು ಹೇಳಿಕೊಡಲು ಶುರುಮಾಡಿದರು. ಪ್ರತಿ ಪುಸ್ತಕಕ್ಕೂ ಒಂದು ಕಾರ್ಡ್ ಇರುತ್ತದಷ್ಟೆ. ಅದರಲ್ಲಿ ಗ್ರಂಥಕರ್ತರ ಹೆಸರು, ಪುಸ್ತಕದ ಹೆಸರು, ಪುಟಗಳೆಷ್ಟು, ಎತ್ತರ ಎಷ್ಟು ಸೆಂಟಿಮೀಟರ್ ಎಲ್ಲ ಇರುತ್ತದೆ. ಕಾರ್ಡಿನ ಡ್ರಾಯರುಗಳಿಗೆ ಬೀಗ ಇರಲಿಲ್ಲ.

"ಇನ್ನೂರೆಂಟು ಪುಟದ ಪುಸ್ತಕದಲ್ಲಿ ನೂರ ಮೂವತ್ತನೇ ಪುಟ ಇದ್ದೇ ಇರುತ್ತೆ. ಅದನ್ನ ಉಲ್ಲೇಖ ಮಾಡಿ, ತಪ್ಪಾಗೋಲ್ಲ" ಎಂದು ಅವರು ಹೇಳಿದ್ದನ್ನು ಹುಡುಗರೆಲ್ಲ ಬರೆದುಕೊಂಡರು.

ಬರೆದುಕೊಳ್ಳದವಳು ವಾರಿಜಾ ಒಬ್ಬಳೇ. ಹನುಮಂತನಗರದ ಈ ಹುಡುಗಿಗೆ ಹಿಂದಿನಿಂದಲೂ ವಿಷಯವನ್ನು ಹೋಗಿ ವಿಚಾರಿಸುವ ಕೆಟ್ಟ ಚಟವಿತ್ತು. ಅವರ ಬೀದಿಗೆ ಗೊಟ್ಟಿಗೆರೆಯಿಂದ ಚಿಕ್ಕಬೈರಪ್ಪ ಎಂಬ ರೈತ ಎತ್ತಿನ ಗಾಡಿಯಲ್ಲಿ ಅವರೆಕಾಯಿ ತರುತ್ತಿದ್ದ. ಮಾರ್ಕೆಟ್ಟಿನ ದಳ್ಳಾಳಿಗಳ ಸಹವಾಸ ಸಾಕಾಗಿ, ತಾನೇ ಗಾಡಿ ಕಟ್ಟಿಕೊಂಡು ಮನೆಮನೆಗೆ ಬರುವ ಮನುಷ್ಯ. ಮಾತಿಗೆ ನಿಂತರೆ ಎತ್ತುಗಳು ತಾವಾಗಿಯೇ ಮುಂದಿನ ಮನೆಗೆ ಹೋಗಿಬಿಡುತ್ತಿದ್ದವು. ಹೊಲದಲ್ಲಿ ಕಿತ್ತ ಕಾಯಿ ಅಡುಗೆಮನೆ ಸೇರುವಷ್ಟರಲ್ಲಿ ಎಷ್ಟು ಕೈ ದಾಟುತ್ತದೆ, ಯಾವ ಕೈಯಲ್ಲಿ ಎಷ್ಟು ಅಂಟಿಕೊಳ್ಳುತ್ತದೆ ಎನ್ನುವುದನ್ನು ವಾರಿಜಾ ಒಂದು ಅವರೆ ಸುಗ್ಗಿಯುದ್ದಕ್ಕೂ ಅವನಿಂದ ಕೇಳಿ ಬರೆದುಕೊಂಡಳು. ಅಷ್ಟು ಸಂತೋಷದ ದಿನಗಳು ಅವಳ ಓದಿನಲ್ಲಿ ಬೇರೆ ಬಂದಿರಲಿಲ್ಲ.

ಫೆಬ್ರವರಿಯಲ್ಲಿ ಸೋಮಲಿಂಗಪ್ಪನವರು ಆ ಪ್ರಬಂಧವನ್ನು ತಿರುವಿ ಹಾಕಿದರು.

"ಇದಕ್ಕೆಲ್ಲ ಆಧಾರ ಏನಮ್ಮ?"

"ಚಿಕ್ಕಬೈರಪ್ಪನವರು ಹೇಳಿದ್ದು ಸಾರ್. ಗೊಟ್ಟಿಗೆರೆಯವರು."

"ಪ್ರಕಟವಾಗಿದ್ದಾರಾ?"

"ಇಲ್ಲ ಸಾರ್, ಗಾಡೀಲಿ ಬರ್ತಾರೆ."

"ನಮ್ಮ ಗ್ರಂಥಾಲಯದಲ್ಲಿ ಇದ್ದಾರಾ?"

"ಇಲ್ಲ ಸಾರ್."

"ಹಾಗಾದ್ರೆ ನಿನಗೆ ಹಾಲ್ ಟಿಕೆಟ್ ಎಲ್ಲಿಂದ ಕೊಡ್ಲಮ್ಮ? ನೋಡು, ಎಷ್ಟು ಚೆನ್ನಾಗಿ ಬರೆದಿದ್ದೀಯ. ಒಂದು ಕಾರ್ಡ್ ಇದ್ದಿದ್ರೆ ಸಾಕಿತ್ತು." ಅವರಿಗೆ ನಿಜವಾಗಿಯೂ ಬೇಸರವಾಗಿತ್ತು.

ಮೂರು ವರ್ಷದ ಓದು ಒಂದು ಕಾರ್ಡಿಗೆ ಬಂದು ನಿಂತಿತು. ವಾರಿಜಾ ನೇರವಾಗಿ ಕರಿಬಸವಯ್ಯನವರ ಮೇಜಿನ ಮುಂದೆ ಹೋಗಿ ಕಣ್ಣೊರೆಸಿಕೊಂಡು ನಿಂತಳು. ಕರಿಬಸವಯ್ಯನವರದು ಮೆದು ಮನಸ್ಸು, ಬೀರುಗಳ ವಿಷಯದಲ್ಲಿ ಮಾತ್ರ ಗಟ್ಟಿ. ಅವರು ನಿಯಮಾವಳಿಯನ್ನು ತೆಗೆದು ನೋಡಿದರು. ಆಕರವೆಂದರೆ ಕಾಗದದ್ದೇ ಆಗಿರಬೇಕೆಂದು ಅದರಲ್ಲಿ ಎಲ್ಲೂ ಹೇಳಿರಲಿಲ್ಲ.

ಮಾರನೆಯ ದಿನ ಚಿಕ್ಕಬೈರಪ್ಪ ಗಾಡಿಯನ್ನು ಕಾಲೇಜಿನ ಮುಂದೆ ನಿಲ್ಲಿಸಿ ಒಳಗೆ ಬಂದ. ಕರಿಬಸವಯ್ಯನವರು ಅವನನ್ನು ಗೋಡೆಗೆ ನಿಲ್ಲಿಸಿ ಅಳೆದರು. ಎತ್ತರ ನೂರ ಅರವತ್ತೈದು ಸೆಂಟಿಮೀಟರ್, ಪೇಟ ಬಿಟ್ಟು. ಪುಟಗಳ ಜಾಗಕ್ಕೆ ಬಂದಾಗ ಲೇಖನಿ ನಿಂತಿತು.

"ವಯಸ್ಸೆಷ್ಟು?"

"ಐವತ್ತೆಂಟು, ಸ್ವಾಮಿ."

"ಐವತ್ತೆಂಟು ಪುಟ" ಎಂದು ಬರೆದುಕೊಂಡರು. ಇದರಿಂದ ವಾರಿಜಾಗೆ ಬಹಳ ಅನುಕೂಲವಾಯಿತು. ಚಿಕ್ಕಬೈರಪ್ಪನ ನಲವತ್ತನೇ ವಯಸ್ಸಿನಲ್ಲಿ ದಳ್ಳಾಳಿ ಮೊದಲ ಸಲ ಹೊಲದ ಬದುವಿಗೇ ಬಂದಿದ್ದನಾದ್ದರಿಂದ, ಆ ಸಂಗತಿಗೆ ನಲವತ್ತನೇ ಪುಟವೆಂದು ಉಲ್ಲೇಖ ಕೊಟ್ಟಳು. ಸೋಮಲಿಂಗಪ್ಪನವರು ಕಾರ್ಡಿನೊಂದಿಗೆ ತಾಳೆ ನೋಡಿ, ಎಲ್ಲ ಪುಟಗಳೂ ಐವತ್ತೆಂಟರ ಒಳಗೇ ಇರುವುದನ್ನು ಖಚಿತಪಡಿಸಿಕೊಂಡು, ಹಾಲ್ ಟಿಕೆಟ್ಟಿಗೆ ಸಹಿ ಹಾಕಿದರು. ಅವಳಿಗೆ ಮೊದಲನೇ ದರ್ಜೆ ಬಂತು.

ಆದರೆ ನಾನೂರ ಹದಿಮೂರೆಂದು ಆಕರ ಸಂಖ್ಯೆ ಬಿದ್ದ ಮೇಲೆ ಆಕರಕ್ಕೂ ಕೆಲವು ಕಟ್ಟುಪಾಡುಗಳಿರುತ್ತವೆ. ಗ್ರಂಥಾಲಯದ ಮೊಹರನ್ನು ಮೊದಲ ಪುಟದಲ್ಲೊಂದು, ಯಾರಿಗೂ ತಿಳಿಯದ ಗುಪ್ತ ಪುಟದಲ್ಲೊಂದು ಒತ್ತುವುದು ಪದ್ಧತಿ. ಚಿಕ್ಕಬೈರಪ್ಪನ ಅಂಗೈ ಮೇಲೊಂದು, ಪೇಟದ ಒಳ ಅಂಚಿಗೊಂದು ಒತ್ತಲಾಯಿತು. ಹುಳ ಹಿಡಿಯದಂತೆ ಜೇಬಿಗೆ ನಾಲ್ಕು ನುಸಿಗುಳಿಗೆ ಹಾಕಲಾಯಿತು. ಮಾರ್ಚಿನ ವಾರ್ಷಿಕ ಗಣತಿಯ ದಿನ ಅವನು ಬರುವುದು ಅರ್ಧ ಗಂಟೆ ತಡವಾಗಿ, ಸಮಿತಿಯವರು ನಾನೂರ ಹನ್ನೆರಡಕ್ಕೆ ಎಣಿಸಿ ನಿಲ್ಲಿಸಿದಾಗ ಕರಿಬಸವಯ್ಯನವರು ಬಾಗಿಲಲ್ಲಿ ನಿಂತು ಗಾಡಿಯ ದಾರಿ ಕಾಯುತ್ತಿದ್ದರು. ಎತ್ತಿನ ಲಾಳ ಕಳಚಿತ್ತಂತೆ. ಅವನು ಓಡಿ ಬಂದು ಮೂರನೇ ಬೀರುವಿನ ಪಕ್ಕ ನಿಂತು ಅಂಗೈ ತೋರಿಸಿದ. ಸಮಿತಿ ಅವನನ್ನು ಎಣಿಸಿ, "ಸ್ಥಿತಿ: ಉತ್ತಮ. ಬೆನ್ನು ಸ್ವಲ್ಪ ಬಾಗಿದೆ" ಎಂದು ಬರೆಯಿತು.

ಅಂದೇ ಕರಿಬಸವಯ್ಯನವರು ಅವನನ್ನು ಪಕ್ಕಕ್ಕೆ ಕರೆದು ಕೈ ಹಿಡಿದುಕೊಂಡರು. "ನೋಡಪ್ಪ, ನೀನು ಪರಾಮರ್ಶನಕ್ಕೆ ಮಾತ್ರ. ನಿನ್ನೊಳಗಿರೋದು ಹೊರಗಡೆ ಹೋಗ್ಬಾರದು. ನನಗಿನ್ನು ಎರಡೇ ವರ್ಷ ಸರ್ವಿಸ್ ಇರೋದು."

ಮುಂದಿನ ಡಿಸೆಂಬರಿನ ಹೊತ್ತಿಗೆ ವಾರಿಜಾ ಅದೇ ಕಾಲೇಜಿನಲ್ಲಿ ಸಂಶೋಧನಾ ಕೌಶಲದ ಟ್ಯೂಟರ್ ಆಗಿದ್ದಳು. ಒಂದು ಬೆಳಗ್ಗೆ ಗಾಡಿಯ ಸದ್ದು ಕೇಳಿ ಮೊರ ಹಿಡಿದು ಹೊರಗೆ ಬಂದಳು. ಸೊಗಡು ಬೀದಿಗೆಲ್ಲ ಹರಡಿತ್ತು, ಜೊತೆಗೆ ನುಸಿಗುಳಿಗೆಯದೂ.

"ಈ ವರ್ಷ ಹೇಗಿದೆ, ಬೈರಪ್ಪನೋರೆ? ದಳ್ಳಾಳಿಗಳು ಏನಂತಾರೆ?"

ಚಿಕ್ಕಬೈರಪ್ಪ ಬಾಯಿ ತೆರೆದವನು ಮುಚ್ಚಿಕೊಂಡ. ಬೆಲೆ ಎಷ್ಟೆಂದು ಬೆರಳು ಮಾತ್ರ ತೋರಿಸಿದ. ಬೆರಳಿನ ಬಗ್ಗೆ ನಿಯಮವಿರಲಿಲ್ಲ.

"ಲೈಬ್ರರೀಲಿ ಕಾರ್ಡ್ ನೋಡ್ಕೊ ತಾಯಿ. ಪಾಪ, ಆವಯ್ಯನ ಪಿಂಚಣಿ ನನ್ ತಲೆ ಮ್ಯಾಲೈತೆ."

ಅವನು ಹೇಳಿದ್ದು ನ್ಯಾಯವಾಗಿಯೇ ಇತ್ತು. ವಾರಿಜಾ ಕಾಯಿ ಒಳಗಿಟ್ಟು, ಜಯನಗರಕ್ಕೆ ನಡೆದುಹೋಗಿ, ಡ್ರಾಯರ್ ಎಳೆದು ಕಾರ್ಡ್ ತೆಗೆದಳು. ಕರಿಬಸವಯ್ಯನವರು ಅದನ್ನು ಆ ತಿಂಗಳಷ್ಟೇ ಪರಿಷ್ಕರಿಸಿದ್ದರು. ಐವತ್ತೆಂಟನ್ನು ಹೊಡೆದು ಐವತ್ತೊಂಬತ್ತು ಮಾಡಿದ್ದರು. ಹೊಸದಾಗಿ ಒಂದು ಪುಟ ಸೇರಿತ್ತು. ವಾರಿಜಾ ಅದನ್ನು ತರಗತಿಗೆಂದು ಟಿಪ್ಪಣಿ ಪುಸ್ತಕದಲ್ಲಿ ಗುರುತು ಹಾಕಿಕೊಂಡಳು. ಆ ಪುಟದಲ್ಲಿ ಏನಿದೆ ಎಂದು ಕೇಳುವ ಚಟ ಅಷ್ಟರಲ್ಲಿ ಅವಳಿಗೆ ಬಿಟ್ಟುಹೋಗಿತ್ತು.