ದಡ್ಡಿಯ ಮಾಪನ ಕಂಬ

ಘಟಪ್ರಭೆಯಲ್ಲಿ ನೀರೆಷ್ಟಿದೆ ಎಂಬುದನ್ನು ನಿರ್ಧರಿಸುವ ಅಧಿಕಾರ ನದಿಗಿಲ್ಲ. ಅದು ಹುಕ್ಕೇರಿ ತಾಲ್ಲೂಕಿನ ದಡ್ಡಿಯಲ್ಲಿ ನೆಟ್ಟ ಹತ್ತು ಮೀಟರಿನ ಕಂಬಕ್ಕಿದೆ. ಘಟ್ಟದ ಕಡೆ ಬಿದ್ದ ಮಳೆ ಮಣ್ಣಲ್ಲಿ ಇಂಗಿ, ಉಳಿದದ್ದು ಹಳ್ಳ ಹಿಡಿದು ನದಿಗೆ ಬಂದು ಈ ಕಂಬವನ್ನು ಮುಟ್ಟಿದ ಮೇಲೆಯೇ ಅಧಿಕೃತವಾಗಿ ನೀರೆನಿಸಿಕೊಳ್ಳುತ್ತದೆ. ಕಂಬದ ಬುಡದಲ್ಲಿ ಒಂದು, ತುದಿಯಲ್ಲಿ ಹತ್ತು. ನೀರು ಮುಟ್ಟಿದ ಅಂಕಿ ಎಂಟು ದಾಟಿದರೆ ಪ್ರವಾಹ, ಮೂರಕ್ಕಿಂತ ಕಡಿಮೆಯಾದರೆ ಬರ. ದಿನಾ ಬೆಳಿಗ್ಗೆ ಅದನ್ನು ಓದಿ ಗೋಕಾಕದ ಜಲಮಾಪನ ಉಪಕಚೇರಿಗೆ ಫೋನು ಮಾಡುವುದು ಸಿದ್ರಾಯನ ನೌಕರಿ. ಅವನ ಮನೆಯೂ ಅದೇ ದಂಡೆಯಲ್ಲಿ, ಊರಿಗೆಲ್ಲ ತಗ್ಗಿನಲ್ಲಿತ್ತು.

ದಸರೆಯ ಖಂಡೇಪೂಜೆಯ ದಿನ ಎಲ್ಲರೂ ತಂತಮ್ಮ ದುಡಿಮೆಯ ಸಾಮಾನು ಪೂಜಿಸುತ್ತಾರೆ. ಸಿದ್ರಾಯನ ಸಾಮಾನೆಂದರೆ ಕಂಬ. ಅವನ ಹೆಂಡತಿ ಹನಮವ್ವ ಭಕ್ತಿಯಿಂದ ಅದಕ್ಕೆ ಸುಣ್ಣ ಬಳಿದಳು, ಅಂಕಿಗಳೆಲ್ಲ ಸುಣ್ಣದಡಿ ಹೋದವು. ಮತ್ತೆ ಬರೆಸಲು ಮಂಜೂರಾತಿ ಸಿಗುವಷ್ಟರಲ್ಲಿ ಎಂಟು ತಿಂಗಳಾಯಿತು. ಅಲ್ಲಿಯವರೆಗೆ ನದಿ ದಾಖಲೆಯಿಲ್ಲದೆ ಹರಿಯಿತು.

ಜೂನ್ ಮೊದಲ ವಾರ ಹತ್ತರಗಿಯಿಂದ ಮಲ್ಲೇಶ ಬಂದ. ಹೆದ್ದಾರಿಯಲ್ಲಿ ಲಾರಿಗಳಿಗೆ ಹೆಸರು ಬರೆಯುವವನು. ಬರವಣಿಗೆ ಎಲ್ಲಿಯಾದರೂ ಮೇಲಿನಿಂದ ಕೆಳಗೆ ತಾನೆ? ನಿಚ್ಚಣಿಕೆ ಹತ್ತಿ ತುದಿಯಲ್ಲಿ ಒಂದು ಬರೆದವನು, ಇಳಿಯುತ್ತ ಇಳಿಯುತ್ತ ಬುಡದಲ್ಲಿ ಹತ್ತು ಬರೆದು ಹೋದ. ಅಂಕಿಗಳೇನೋ ಬಹಳ ದುಂಡಗಿದ್ದವು.

ಸಿದ್ರಾಯ ಗೋಕಾಕಕ್ಕೆ ಓಡಿದ.

"ಅಂಕಿ ಉಲ್ಟಾ ಆಗ್ಯಾವ್ರಿ ಸಾಹೇಬ್ರ."

"ಹತ್ತೂ ಅದಾವಿಲ್ಲೊ?" ಎಂದರು ಅಭಿಯಂತರ ಸುಶಾಂತ.

"ಅದಾವ್ರಿ."

"ಮತ್ತ ಕಮ್ಮಿ ಏನು ಬಿದ್ದೈತಿ?"

ಮರುದಿನವೇ ಸುತ್ತೋಲೆ ಬಂತು: 'ಮಾಪಕರು ಕಂಬವನ್ನಷ್ಟೇ ಓದತಕ್ಕದ್ದು. ನೀರನ್ನು ನೋಡಿ ಅಭಿಪ್ರಾಯ ತಿಳಿಸುವುದು ಕರ್ತವ್ಯಲೋಪ. ನೀರು ಕಂಬವನ್ನು ಮುಟ್ಟದಿದ್ದಲ್ಲಿ ಅತ್ಯಂತ ಸಮೀಪದ ಅಂಕಿಯನ್ನು ನಮೂದಿಸತಕ್ಕದ್ದು.'

ಆಗಸ್ಟಿನಲ್ಲಿ ನದಿ ಉಕ್ಕಿ ಸಿದ್ರಾಯನ ಹೊಸ್ತಿಲಿಗೆ ಬಂತು. ಅವನು ಗೋಕಾಕಕ್ಕೆ ಫೋನು ಮಾಡಿದ.

"ದೋಣಿ ಕಳಸ್ರಿ ಸಾಹೇಬ್ರ, ನೀರು ಮನಿಯಾಗ ಹೊಕ್ಕಾಕತ್ತೈತಿ."

"ಕಂಬದಾಗ ಎಷ್ಟೈತಿ?"

"ಎರಡ್ರಿ."

"ಎರಡಂದ್ರ ಬರ. ಕುಡಿಯಾಕ ನೀರು ಕಳಸ್ತೇವಿ, ಅಂಜಬ್ಯಾಡ."

ಕಚೇರಿ ಮಾತಿಗೆ ತಪ್ಪಲಿಲ್ಲ, ಟ್ಯಾಂಕರ್ ಹೊರಟಿತು. ರಸ್ತೆ ಮುಳುಗಿದ್ದರಿಂದ ನೀರನ್ನು ಪೀಪಾಯಿಗಳಿಗೆ ತುಂಬಿ, ತಾಲ್ಲೂಕಿಗಿದ್ದ ಒಂದೇ ದೋಣಿಯಲ್ಲಿ ತಂದರು. ಪೀಪಾಯಿಗಳ ನಡುವೆ ಹನಮವ್ವ ಕೂರಲು ಜಾಗವಿರಲಿಲ್ಲ. ಗಂಡಹೆಂಡತಿ ಎಮ್ಮೆಯ ಬಾಲ ಹಿಡಿದು, ಎದೆಮಟ್ಟದ ನೀರಲ್ಲಿ ದಿಬ್ಬದ ಮೇಲಿನ ಸರಕಾರಿ ಕನ್ನಡ ಸಾಲಿ ಸೇರಿದರು. ಹಿಂದೆ ಗೋಡೆ ಕುಸಿದ ಸದ್ದು ಕೇಳಿತು. ಸಿದ್ರಾಯನಿಗೆ ದುಃಖ ತಡೆಯಲಾಗಲಿಲ್ಲ, ಅತ್ತೇಬಿಟ್ಟ. ಬೆಳಿಗ್ಗೆ ಕಣ್ಣೊರೆಸಿಕೊಂಡು 'ಎರಡು' ಎಂದು ಫೋನು ಮಾಡಿದ. ಬರಗಾಲದಲ್ಲಿ ನೆರೆಗೆ ಮನೆ ಬೀಳಲು ನಿಯಮದಲ್ಲಿ ಅವಕಾಶವಿಲ್ಲವೆಂದು ಪರಿಹಾರದ ಅರ್ಜಿ ಹಿಂದಕ್ಕೆ ಬಂತು. ಅವರು ಸಾಲಿಯ ಪಡಸಾಲೆಯಲ್ಲೇ ಉಳಿದರು.

ಏಪ್ರಿಲ್ ಬಂತು. ನದಿಯ ತಳ ಬಿರುಕು ಬಿಟ್ಟಿತು. ಸಿದ್ರಾಯ ಸಮೀಪದ ಅಂಕಿ ಹುಡುಕಿ 'ಹತ್ತು' ಎಂದ. ಕೂಡಲೇ ಮಹಾಪ್ರವಾಹ ಘೋಷಣೆಯಾಯಿತು. ಕೆಳಗೆ ಮೂಡಲಗಿಯ ತುಕ್ಕಾನಟ್ಟಿಯವರೆಗೂ ಡಂಗುರ ಸಾರಿ, ಯಾರೂ ನದಿಗಿಳಿಯಬಾರದೆಂದರು. ಕೊಡ ಇಟ್ಟುಕೊಂಡು ಒಣ ಮರಳಲ್ಲಿ ನೀರಿಗಾಗಿ ವರತಿಗುಂಡಿ ತೋಡುತ್ತಿದ್ದ ಜನ ಶಿಸ್ತಿನಿಂದ ಮೇಲೆ ಹತ್ತಿ ನಿಂತರು.

ಸುಶಾಂತ ಸಾಹೇಬರು ಜೀವರಕ್ಷಕ ಅಂಗಿ ತೊಟ್ಟು, ಒಣಗಿದ ನದಿಯನ್ನು ನಡೆದು ದಾಟಿ ದಡ್ಡಿಗೆ ಬಂದರು. ಸ್ಥಳಾಂತರಿಸಲು ನೋಡಿದರೆ ಸಿದ್ರಾಯನ ಸಂಸಾರ ಆಗಲೇ ಸಾಲಿಯಲ್ಲಿದೆ. ಸಾಹೇಬರಿಗೆ ಮನಸ್ಸು ತುಂಬಿ ಬಂತು. 'ಪ್ರವಾಹಕ್ಕೆ ಎಂಟು ತಿಂಗಳು ಮುಂಚಿತವಾಗಿಯೇ ಸ್ಥಳಾಂತರಗೊಂಡ ಮಾದರಿ ಕುಟುಂಬ' ಎಂಬ ಪ್ರಶಸ್ತಿಪತ್ರವನ್ನು ಅಲ್ಲಿಯೇ ಬರೆದು ಕೊಟ್ಟರು. ನೆರೆದವರು ಚಪ್ಪಾಳೆ ತಟ್ಟಿದರು.

"ನಮ್ಮ ಮನಿದು ಏನ್ರಿ ಸಾಹೇಬ್ರ?" ಹನಮವ್ವ ಕೇಳಿದಳು.

"ಮೊದಲ ಪ್ರವಾಹ ಇಳೀಲಿ ತಂಗಿ. ಆಮ್ಯಾಲ ನೋಡೂಣು."

ಹನಮವ್ವ ಧೂಳೆದ್ದ ನದಿಯನ್ನೊಮ್ಮೆ ನೋಡಿದಳು. "ಯಾವಾಗ ಇಳೀತೈತ್ರಿ?"

"ಮಳಿಗಾಲ ಬರಲಿ," ಎಂದರು ಸಾಹೇಬರು.

ಸಿದ್ರಾಯ ಮನಸ್ಸಿನಲ್ಲೇ ಕಂಬದ ಅಂಕಿಗಳನ್ನು ಬುಡದ ಹತ್ತರಿಂದ ಮೇಲಿನ ಎರಡರವರೆಗೆ ಎಣಿಸಿ, ಅದೂ ಖರೆ ಎಂದು ತಲೆಯಾಡಿಸಿದ.