ವಕೀಲರ ಗಾಡಿಯ ವೈಪರ್

ಇಂಥವೆಲ್ಲ ನನ್ನ ಗ್ಯಾರೇಜನ್ನೇ ಯಾಕೆ ಹುಡುಕಿಕೊಂಡು ಬರುತ್ತಿದ್ದವೋ, ಆ ತಾಯಿ ಚಾಮುಂಡಿಗೇ ಗೊತ್ತು. ಸ್ವಾತಂತ್ರ್ಯ ಬಂದ ಹೊಸತು. ಬನ್ನಿಮಂಟಪದ ಕಡೆಯ ವಕೀಲರೊಬ್ಬರು ಹರಾಜಿನಲ್ಲಿ ಹಳೇ ಮಿಲಿಟರಿ ಗಾಡಿ ಕೊಂಡು, ಮನೆಗೆ ಬಾಗಿಲು ಮಾಡಿದ ಬಡಗಿಯಿಂದಲೇ ಅದಕ್ಕೆ ತೇಗದ ಬಾಡಿ ಕಟ್ಟಿಸಿದ್ದರು. ಮಗಳ ಮದುವೆಗೆ ಬೀಗರನ್ನು ಅದರಲ್ಲೇ ಕರೆತರಬೇಕೆಂಬ ಹಟ. ಮದುವೆಯೋ, ಮಳೆಗಾಲದಲ್ಲಿ.

೧. ಹೊಟ್ಟೆಗೆ ಕಣ್ಣು

ಬಡಗಿ ಮುಂದಿನ ಗಾಜನ್ನು ಮನೆಯ ಕಿಟಕಿಯಷ್ಟು ಎತ್ತರ ಇಟ್ಟುಬಿಟ್ಟಿದ್ದ. ವೈಪರ್ ಮಾತ್ರ ಹಳೇದು, ಗಿಡ್ಡ.

“ಏನ್ರೀ ಇದು, ನನ್ನ ಹೊಟ್ಟೆ ಮುಂದೆ ಒರೆಸತ್ತೆ! ಹೊಟ್ಟೆಗೆ ಕಣ್ಣಿದೆಯೇನ್ರೀ?” ಎಂದು ವಕೀಲರು ರೇಗಿದರು.

ಬಡಗಿಯನ್ನು ಕೇಳಿದರೆ, “ಗಾಜು ಸರಿಯಾಗೇ ಐತೆ ಕಣಣ್ಣ. ಸಾಹೇಬ್ರು ಒಸಿ ಬಗ್ಗಿ ಕೂತ್ಕೊಳ್ಳಲಿ” ಅಂದ.

ತಲೆ ಚಚ್ಚಿಕೊಂಡು ವೈಪರನ್ನು ಗಾಜಿನ ಮೇಲ್ತುದಿಯಿಂದ ನೇತುಹಾಕಿದೆ.

೨. ಬೆಟ್ಟದ ದಾರಿ

ಎಂಜಿನ್ ಗಾಳಿ ಎಳೆಯುವ ಬಲದಿಂದ ಆಡುವ ವೈಪರ್ ಅದು. ಆಕ್ಸಿಲರೇಟರ್ ಒತ್ತಿ ಹಿಡಿದರೆ ನಿಂತೇ ಹೋಗುತ್ತದೆ. ವಕೀಲರು ಮಳೆಯಲ್ಲಿ ಚಾಮುಂಡಿ ಬೆಟ್ಟ ಹತ್ತಲು ಹೋಗಿ, ಒದ್ದೆ ಮುದ್ದೆಯಾಗಿ ಬಂದರು.

“ಬೆಟ್ಟ ಹತ್ತೋವಾಗ ನಿಂತುಬಿಡ್ತು ಕಣ್ರೀ!”

“ಆಕ್ಸಿಲರೇಟರ್ ಬಿಡಬೇಕು ಸ್ವಾಮಿ, ಆಗ ಆಡುತ್ತೆ.”

“ಬಿಟ್ಟೆ. ವೈಪರ್ ಚೆನ್ನಾಗೇ ಆಡ್ತು, ಗಾಡಿ ಹಿಂದಕ್ಕೆ ಇಳೀತು!”

ಸಾಕಪ್ಪಾ ಸಾಕು ಎನಿಸಿ, ಬ್ಯಾಟರಿಯಿಂದ ಓಡುವ ಮೋಟಾರನ್ನೇ ಕೂರಿಸಿಕೊಟ್ಟೆ.

೩. ಬೀಗರು ಬಂದರು

ಆ ದಿನ ಗಾಡಿಯನ್ನು ನೀವೇ ಓಡಿಸಬೇಕೆಂದು ವಕೀಲರು ನನ್ನ ಕೈ ಹಿಡಿದುಕೊಂಡರು. ಅವರ ಮನೆಯವರು ಗಾಡಿಗೆ ಪೂಜೆ ಮಾಡಿ, ಗಾಜಿನ ಹಣೆಗೆ ಅಂಗೈಯಗಲ ಕುಂಕುಮ ಇಟ್ಟಿದ್ದರು.

ರೈಲ್ವೆ ಸ್ಟೇಷನ್ನಿನಿಂದ ಬೀಗರನ್ನು ಹತ್ತಿಸಿಕೊಂಡು ಹೊರಟೆವು. ಮಳೆ ಶುರುವಾಯಿತು. ನೋಡಲಿ ನನ್ನ ಕೆಲಸ ಅಂತ ಜಂಬದಿಂದ ಸ್ವಿಚ್ ಒತ್ತಿದೆ. ನಾನೇ ಮೇಲಕ್ಕೆ ಏರಿಸಿದ್ದ ಆ ಹಾಳು ವೈಪರ್ ಎಂದೂ ಇಲ್ಲದ ಹುಮ್ಮಸ್ಸಿನಲ್ಲಿ ಆಡಿ, ಎರಡೇ ಏಟಿಗೆ ಕುಂಕುಮವನ್ನು ಬಳಿದು ಹಾಕಿತು.

ಹಿಂದೆ ಕೂತಿದ್ದ ಗಂಡಿನ ತಾಯಿ ಕಿಟಾರನೆ ಕಿರುಚಿದರು. “ಅಯ್ಯಯ್ಯೋ! ಮದುವೆ ಗಾಡಿಯ ಕುಂಕುಮ ಅಳಿಸ್ತಾರೇನ್ರೀ? ನಿಲ್ಲಿಸಿ! ಇಳಿಸಿ ನಮ್ಮನ್ನ!”

ಪಕ್ಕದಲ್ಲಿ ಕೂತಿದ್ದ ವಕೀಲರ ಮುಖ ಬಿಳಿಚಿಕೊಂಡಿತು. ಮದುವೆ ಮುರಿದೇ ಹೋಯಿತು ಅಂದುಕೊಂಡೆ. ಗಾಡಿ ನಿಲ್ಲಿಸುವ ಬದಲು ವೈಪರ್ ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಹಾಕಿ ನೆನೆಯುತ್ತಾ ಛತ್ರ ಮುಟ್ಟಿಸಿದೆ. ವಕೀಲರ ಮನೆಯವರು ಓಡಿಬಂದು ಮತ್ತೆ ಕುಂಕುಮ ಇಟ್ಟು, ಆರತಿ ಎತ್ತಿ, ಬೀಗಿತ್ತಿಯ ಕೈಕಾಲು ಹಿಡಿದು ಸಮಾಧಾನ ಮಾಡಿದರು. ಅಂತೂ ಮದುವೆ ನಡೆಯಿತು.

ಹೆಣ್ಣು ಒಪ್ಪಿಸಿ ಕಳಿಸುವ ಬೆಳಗ್ಗೆಯೂ ಮಳೆಯೇ. ವಕೀಲರು ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು:

“ಇದೇ ಗಾಡೀಲಿ ಹೋಗೋಕೆ ಬೀಗಿತ್ತಿ ಒಪ್ಪಿದ್ದಾರೆ, ಒಂದೇ ಒಂದು ಷರತ್ತು. ವೈಪರ್ ನೀರು ಒರೆಸಲಿ, ಕುಂಕುಮದ ಹತ್ತಿರ ಬಂದಾಗ ಮಾತ್ರ ಸ್ವಲ್ಪ ಸುತ್ತು ಹಾಕಿಕೊಂಡು ಹೋಗೋ ಹಾಗೆ ಮಾಡಿಕೊಡಿ!”