ಋಷಿಮೂಲ, ನದಿಮೂಲ, ಆಡಿನ ಮೂಲ

ಋಷಿಮೂಲ ಕೇಳಬೇಡಿ, ನದಿಮೂಲ ಕೇಳಬೇಡಿ ಎಂದರು ಹಿರಿಯರು. ಆಡಿನ ಮೂಲ ಕೇಳಬೇಡಿ ಎನ್ನಲು ಮರೆತರು. ಆ ಮರೆವಿಗೆ ದಂಡ ತೆತ್ತವನು ನಾನು! ನನ್ನ ಹೆಂಡತಿಯ ಅಣ್ಣ, ಅಂದರೆ ನಮ್ಮ ಭಾವ, ಒಂದು ಆಡಿನ ಮೂಲ ಹುಡುಕುತ್ತಾ ದೋಹಾದ ಬಿನ್ ಮಹಮೂದ್‌ನಲ್ಲಿದ್ದ ನಮ್ಮ ಫ್ಲಾಟಿನ ಹಾಲ್‌ನಲ್ಲಿ ಮೂರು ವರ್ಷ ಮಲಗಿದರು. ಬಂದದ್ದು ಹದಿನೈದು ದಿನಕ್ಕೆಂದು.

ತೊಂಬತ್ತರ ದಶಕದ ಮಾತು. ಭಾವ ಕಟ್ಟಡಗಳ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಊರಿಗೆ ಮರಳಿದವರೊಬ್ಬರು ಬಿಟ್ಟುಹೋದ ಇಂಗ್ಲಿಷ್ ಪುಸ್ತಕದಲ್ಲಿ ಅವರಿಗೊಂದು ಕತೆ ಸಿಕ್ಕಿತು. ಒಬ್ಬಾತ ಮನೆ ಇಕ್ಕಟ್ಟೆಂದು ಗುರುವಿನ ಬಳಿ ಗೋಳಾಡುತ್ತಾನೆ. ಗುರು, ಆಡನ್ನೂ ಒಳಗೆ ಕಟ್ಟಿಕೋ ಎನ್ನುತ್ತಾನೆ. ವಾರ ಬಿಟ್ಟು, ಈಗ ಅದನ್ನು ಹೊರಗೆ ಕಟ್ಟು ಎನ್ನುತ್ತಾನೆ. ಅದೇ ಮನೆ ಅರಮನೆಯಾಗುತ್ತದೆ! ಕೆಳಗೆ ‘ಯಹೂದಿ ಜನಪದ ಕತೆ’ ಎಂದಿತ್ತು.

“ಯಹೂದಿಗಳದ್ದು ಹೇಗಾಗ್ತದೆ? ಇದು ನಮ್ಮ ಅಜ್ಜಿ ಹೇಳಿದ್ದು,” ಎಂದರು ಭಾವ. ಅಜ್ಜಿ ಪುತ್ತೂರು ದಾಟಿದವರಲ್ಲ. ಹಾಗಾದರೆ ಆಡು ಸಮುದ್ರ ದಾಟಿದ್ದು ಹೇಗೆ?

ಮರುದಿನವೇ ನಮ್ಮ ಹಾಲ್‌ನ ಗೋಡೆಗೆ ಟ್ರೇಸಿಂಗ್ ಪೇಪರ್ ಬಂತು. ಅದರ ಮೇಲೆ ಅರಬ್ಬೀ ಸಮುದ್ರ, ಬಾಣಗಳು, ಆಫೀಸಿನ ನಕ್ಷೆಗಳಂತೆ ಮೂಲೆಯಲ್ಲಿ ‘ರಿವಿಷನ್ ಒಂದು’. ಮನೆಗೆ ಬಂದವರಿಗೆ ಚಹಾಕ್ಕಿಂತ ಮೊದಲು ಪ್ರಶ್ನೆ. ಪ್ಯಾಲೆಸ್ತೀನಿ ಎಂಜಿನಿಯರ್ ಕತೆ ತನ್ನಜ್ಜಿಯದೆಂದ. ರೊಟ್ಟಿ ಸುಡುವ ಇರಾನಿ, ಅದು ಆಡಲ್ಲ, ಕತ್ತೆ ಎಂದ. ಪಕ್ಕದ ಮನೆಯ ಮಲಯಾಳಿ ಆನೆ ಎಂದ. ಯಾರೂ ನಂಬಲಿಲ್ಲ. ಆದರೂ ರಿವಿಷನ್ ಹದಿನಾಲ್ಕರಲ್ಲಿ ಆನೆಗೂ ಒಂದು ಬಾಣ ಬಿತ್ತು.

ನಾನು ಕಂಪನಿಯೊಂದರ ಖರೀದಿ ವಿಭಾಗದವನು. ಚೌಕಾಸಿಯಲ್ಲಿ ಬೆಳೆದ ಜೀವ. ಅಲ್ ಮನ್ಸೂರಾದಲ್ಲಿ ನಾಲ್ಕಾರು ಜನ ಹಂಚಿಕೊಂಡಿದ್ದ ಕೋಣೆಯಲ್ಲಿ ಕಿಟಕಿ ಪಕ್ಕದ ಮಂಚವೊಂದನ್ನು ಭಾವನಿಗೆಂದು ಸೋವಿ ಬಾಡಿಗೆಗೆ ಗೊತ್ತು ಮಾಡಿ, ಮೆಲ್ಲಗೆ ವಿಷಯ ತೆಗೆದೆ. ಮೂಲ ಸಿಕ್ಕಿದ ದಿನ ಹೋಗ್ತೇನೆ ಎಂದರು ಭಾವ.

ನಿಮಗೊಂದು ಕಿವಿಮಾತು: ನೆಂಟ ಹೊರಡಬೇಕೆಂದಿದ್ದರೆ ಅವನ ಕೆಲಸಕ್ಕೆ ಅಡ್ಡ ಬರಬೇಡಿ, ಬೇಗ ಮುಗಿಸಿಕೊಡಿ. ನಾನೇ ಭಾವನನ್ನು ಸೂಕ್‌ನಲ್ಲಿ, ಅಂದರೆ ಹಳೆಯ ಪೇಟೆಯಲ್ಲಿ, ಲೋಬಾನ ಮಾರುವ ಯೆಮನಿ ಮುದುಕನ ಅಂಗಡಿಗೆ ಕರೆದೊಯ್ದೆ. ಅವನಿಗೆ ಗೊತ್ತಿಲ್ಲದ ಸುದ್ದಿಯಿಲ್ಲ.

ಕತೆ ಮುಗಿಯುವ ಮೊದಲೇ ಮುದುಕ ನಗತೊಡಗಿದ. ಅವನ ಬಾಲ್ಯದಲ್ಲಿ ಯೆಮನ್ನಿನ ಅವರ ಬೀದಿಯ ಯಹೂದಿ ಅಕ್ಕಸಾಲಿಗ ಬೆಳ್ಳಿ ಬಡಿಯುತ್ತಾ ಇದನ್ನೇ ಹೇಳುತ್ತಿದ್ದನಂತೆ. ಅಂಗಡಿಯ ಕಟ್ಟೆಯಲ್ಲಿ ಮಂಗಳೂರಿನ ಮೆಣಸು ತಂದ ನಾವಿಕರೂ ಕುಳಿತು ಕೇಳುತ್ತಿದ್ದರಂತೆ. ಸಿಕ್ಕಿತಲ್ಲ ಹಡಗು! ನಾನು ಮನಸ್ಸಿನಲ್ಲೇ ಭಾವನ ಸೂಟ್‌ಕೇಸ್ ಕಟ್ಟಿದೆ.

ಆ ಅಕ್ಕಸಾಲಿಗ ಈಗೆಲ್ಲಿ ಎಂದು ಭಾವ ಕೇಳಿದರು.

“ಯಹೂದಿಗಳೆಲ್ಲ ಊರು ಬಿಟ್ಟು ಹೋದರು. ಬೀದಿ ಅಗಲವಾಯಿತು,” ಎಂದ ಮುದುಕ. ಆಮೇಲೆ, ನಾನು ಕೇಳದೆಯೇ, ನಾನು ಕೊಂಡ ಲೋಬಾನದ ತಕ್ಕಡಿಗೆ ಇನ್ನೊಂದು ಹಿಡಿ ಹಾಕಿದ.

ಮರುದಿನ ಶುಕ್ರವಾರ, ರಜೆ. ಬೆಳಿಗ್ಗೆ ಭಾವ ಗೋಡೆಯ ನಕ್ಷೆ ಬಿಡಿಸಿ, ಸುತ್ತಿ ಕಂಕುಳಲ್ಲಿಟ್ಟುಕೊಂಡರು.

“ಮೂಲ ಸಿಕ್ಕಿತು, ಖಲಾಸ್. ನಿಮ್ಮ ಆಡು ಹೊರಟಿತು ಭಾವ,” ಎಂದರು. ಅವರೂ ನನ್ನನ್ನು ಕರೆಯುವುದು ಭಾವ ಎಂದೇ.

ನಮ್ಮ ಮನೆಯ ಆಡು ಅವರೇ ಎಂಬ ಮಾತನ್ನು ನಾನು ಎಂದೂ ಬಾಯಿಬಿಟ್ಟು ಆಡಿರಲಿಲ್ಲ. ಆದರೆ ನಕ್ಷೆ ಓದುವವರಿಗೆ ಮುಖ ಓದುವುದು ಕಷ್ಟವೇ?

ಕತೆಯ ಪ್ರಕಾರ ಮನೆ ಅರಮನೆಯಾಗಬೇಕಿತ್ತು. ಹಾಲ್‌ನಲ್ಲಿ ಕಾಲು ಚಾಚಿ ಮಲಗಿದೆ. ಕಣ್ಣೆದುರು ಗೋಡೆಯ ಮೇಲೆ ಟೇಪಿನ ನಾಲ್ಕು ಗುರುತು. ಹೆಂಡತಿ ಹಳೆಯ ಅಳತೆಯಲ್ಲೇ ಅಕ್ಕಿ ಹಾಕುತ್ತಾಳೆ, ಅನ್ನ ಉಳಿಯುತ್ತದೆ. ಆ ಗುರು ಸ್ವಂತ ಮನೆಯ ಆಡನ್ನು ಹೊರಗೆ ಕಟ್ಟಿ ನೋಡಿರಲಿಕ್ಕಿಲ್ಲ.

ಮುಂದಿನ ಶುಕ್ರವಾರ ಮನ್ಸೂರಾಕ್ಕೆ ಹೋದೆ. ಭಾವ ಮಂಚದ ಮೇಲೆ ನಕ್ಷೆ ಹರಡಿಕೊಂಡು ಸುಮ್ಮನೆ ಕುಳಿತಿದ್ದರು.

“ಎಂತ ಭಾವ, ಒಂದೇ ಕೊಟೇಶನ್ ನೋಡಿ ಯಾರಾದ್ರೂ ಆರ್ಡರ್ ಕೊಡ್ತಾರಾ? ನಮ್ಮ ಆಫೀಸಲ್ಲಿ ಮೂರು ಬೇಕು. ಯೆಮನಿಯದ್ದು ಒಂದಾಯ್ತು. ಇನ್ನೆರಡು ಎಲ್ಲಿ?” ಎಂದೆ.

ಭಾವ ನನ್ನ ಮುಖ ನೋಡಿದರು. “ಅದಕ್ಕೆ ವರ್ಷಗಟ್ಟಲೆ ಹಿಡಿದೀತು ಮಾರಾಯ್ರೆ.”

ಸರಕು ಒಂದು ದಿನ ತಡವಾದರೆ ಫೋನಿನಲ್ಲೇ ಜಗಳ ತೆಗೆಯುವ ನಾನು, “ಹಿಡಿಯಲಿ,” ಎಂದು ಅವರ ಸೂಟ್‌ಕೇಸ್ ಎತ್ತಿಕೊಂಡೆ.